ಪ್ರತಿಕ್ರಿಯೆ: ಗ್ರೈಂಡರ್‌ಗೆ ಹಿಡಿದ ಮೆಟ್ಟುಗತ್ತಿ ನೀಲಿಯಾಗಿದ್ದು ಯಾಕೆ?

ಶಿರಸಿಯಿಂದ ಕೇಳಿದ್ದೀರಲ್ಲ, ಬೆಂಚ್ ಗ್ರೈಂಡರ್‌ನಲ್ಲಿ ಸಾಣೆ ಹಿಡಿದ ಮೇಲೆ ಮೆಟ್ಟುಗತ್ತಿಯ ಬಾಯಿ ನೀಲಿಯಾಯ್ತು, ಈಗ ಅರ್ಧ ಬುಟ್ಟಿ ಅಡಿಕೆ ಸುಲಿಯುವುದರೊಳಗೆ ಮೊಂಡಾಗುತ್ತದೆ ಅಂತ. ಅದು ಬಿಸಿಯ ಕೆಲಸ. ನೀಲಿ ಬಂತು ಅಂದ್ರೆ ಉಕ್ಕು ಸುಮಾರು 300 ಡಿಗ್ರಿ ಮುಟ್ಟಿ ಹದ ಕಳೆದುಕೊಂಡಿದೆ. ಮೊದಲು ಒಣಹುಲ್ಲಿನ ಹಳದಿ ಕಾಣುತ್ತದೆ, ಅಲ್ಲೇ ಕೈ ತೆಗೆಯಬೇಕಿತ್ತು.

ಬಣ್ಣ ಮಾತ್ರ ಉಜ್ಜಿ ತೆಗೆದರೆ ಪ್ರಯೋಜನವಿಲ್ಲ. ಮೆತ್ತಗಾದ ಭಾಗ ಪೂರ್ತಿ ಸವೆಯಬೇಕು. ತುಂಬ ಒಳಗೆ ಹೋಗಿದ್ದರೆ ಕುಲುಮೆಗೆ ಕೊಟ್ಟು ಮತ್ತೆ ಹದ ಮಾಡಿಸಿ.

ಸಾಮಾನ್ಯ ಗ್ರೈಂಡರ್ ನಿಮಿಷಕ್ಕೆ 2,800 ಸುತ್ತಿನ ಹತ್ತಿರ ತಿರುಗುತ್ತದೆ. ತೆಳು ಅಂಚು ಕಣ್ಣು ಮಿಟುಕಿಸುವುದರೊಳಗೆ ಕಾಯುತ್ತದೆ. ಪಕ್ಕದಲ್ಲಿ ಬಕೆಟ್ ನೀರಿಡಿ. ಒಂದು ಸಲ ಹಗುರವಾಗಿ ಎಳೆಯಿರಿ, ಅದ್ದಿ. ಮತ್ತೆ ಎಳೆಯಿರಿ, ಅದ್ದಿ. ಅಂಚಿನ ಮೇಲಿನ ನೀರು ಕುದಿಯೋಕೆ ಶುರುವಾದರೆ ಜಾಸ್ತಿಯಾಯ್ತು ಅಂತಲೇ. ಗ್ಲೌಸ್ ಬೇಡ, ಚಕ್ರಕ್ಕೆ ಸಿಕ್ಕರೆ ಕೈಯನ್ನೇ ಎಳೆಯುತ್ತದೆ. ಕನ್ನಡಕ ಮಾತ್ರ ಬೇಕೇ ಬೇಕು.

ಕಲ್ಲನ್ನೂ ಒಮ್ಮೆ ಮುಟ್ಟಿ ನೋಡಿ (ನಿಲ್ಲಿಸಿದ ಮೇಲೆ!). ನಾನು ಅಪ್ಪನ ಕತ್ತಿ ಸುಟ್ಟಿದ್ದು ಹೀಗೇ: ಕಲ್ಲಿನ ಮುಖ ಗಾಜಿನ ಹಾಗೆ ನುಣುಪಾಗಿತ್ತು, ಕೊರೆಯದೆ ಸುಮ್ನೆ ಉಜ್ಜುತ್ತಿತ್ತು. ಡ್ರೆಸ್ಸರ್ (ಕಲ್ಲಿನ ಮುಖ ಕೆರೆಯುವ ಉಪಕರಣ) ಹಿಡಿದು ಮುಖ ಬಿಡಿಸಿದೆ, ಸರಿಹೋಯ್ತು. ಹೊಸದು ತರುವುದಾದರೆ ಬಿಳಿ ಕಲ್ಲು ತನ್ನಿ, ಬೂದು ಕಲ್ಲಿಗಿಂತ ಕಡಿಮೆ ಕಾಯುತ್ತದೆ. ಹಸಿರು ಕಲ್ಲು ಉಕ್ಕಿಗಿಂತ ಗಡಸಾದ ಕಾರ್ಬೈಡ್ ಟೂಲ್‌ಗೆ, ನಿಮಗೆ ಬೇಡ.

ಕೊನೆಯ ಹರಿತವನ್ನು ಗ್ರೈಂಡರ್‌ನಲ್ಲಿ ತರಲು ಹೋಗಬೇಡಿ. ಅದಕ್ಕೆ ಹಿತ್ತಲ ಬಾವಿಕಟ್ಟೆಯ ಹತ್ತಿರ ನೀರು ಹಾಕಿ ಮಸೆಯುವ ಕಲ್ಲೇ ಸಾಕು.