ಪರ್ಷಿಯನ್ ಕಾವ್ಯದ ಹಸ್ತಪ್ರತಿಗಳಲ್ಲಿ ಅಕ್ಷರಗಳು ಓರೆಯಾಗಿ ಇಳಿಯುವುದೇಕೆ?

ಅದು ನಸ್ತಾಲೀಕ್ ಶೈಲಿಯ ಗುಣ. 14ನೇ ಶತಮಾನದಲ್ಲಿ ರೂಪುಗೊಂಡ ಈ ಬರವಣಿಗೆಯಲ್ಲಿ ಪದ ಬಲಗಡೆ ಮೇಲಿಂದ ಶುರುವಾಗಿ, ಎಡಕ್ಕೆ ಇಳಿಯುತ್ತಾ ಸಾಲಿನ ಮೇಲೆ ಬಂದು ಕೂರುತ್ತದೆ. ಕೆಲವು ಅಕ್ಷರಗಳನ್ನು ಉದ್ದಕ್ಕೆ ಎಳೆಯಬಹುದು. ಹಾಗಾಗಿ ದ್ವಿಪದಿಯ ಎರಡು ಸಾಲುಗಳೂ ಅಕ್ಕಪಕ್ಕದ ಕಾಲಂಗಳಲ್ಲಿ ಚೆನ್ನಾಗಿ ತುಂಬಿಕೊಳ್ಳುತ್ತವೆ.

ಜೊಂಡಿನ ಲೇಖನಿಯ ತುದಿಯನ್ನು ಓರೆಯಾಗಿ ಕತ್ತರಿಸುತ್ತಾರೆ. ಅದು ಮೂಡಿಸುವ ಒಂದು ಚುಕ್ಕಿಯೇ ಅಳತೆ. ಅಕ್ಷರದ ಎತ್ತರ, ಬಾಗು ಎಲ್ಲವೂ ಇಷ್ಟು ಚುಕ್ಕಿ ಅಂತಲೇ ಲೆಕ್ಕ. ಕಾಗದಕ್ಕೆ ಗಂಜಿ ಹಾಕಿ, ಕಲ್ಲಿನಿಂದ ಉಜ್ಜಿ ನುಣುಪು ಮಾಡಿರಬೇಕು. ಇಲ್ಲದಿದ್ದರೆ ಆ ಜಾರುವ ಗೆರೆ ಬರುವುದಿಲ್ಲ.

1539-43ರಲ್ಲಿ ಇರಾನಿನ ದೊರೆ ಶಾ ತಹಮಾಸ್ಪನಿಗಾಗಿ ಲಿಪಿಕಾರ ಶಾ ಮಹಮೂದ್ ನಿಶಾಪುರಿ ಇದೇ ಶೈಲಿಯಲ್ಲಿ ನಕಲು ಮಾಡಿದ ‘ಖಮ್ಸಾ’ದ (ಕವಿ ನಿಜಾಮಿಯ ಐದು ಕಾವ್ಯಗಳ ಸಂಗ್ರಹ) ಹಸ್ತಪ್ರತಿ ಬ್ರಿಟಿಷ್ ಲೈಬ್ರರಿಯಲ್ಲಿದೆ. ಜನ ಅದರ ಚಿತ್ರಗಳನ್ನೇ ಜಾಸ್ತಿ ಹೊಗಳುತ್ತಾರೆ. ನನಗಂತೂ ಅದರ ಅಕ್ಷರಗಳೇ ಹೆಚ್ಚು ಚೆಂದ.