ಸಿನಾವಾಲಿ ಬರುತ್ತೆ, ನಿಜವಾದ ಏಟಿಗೆ ಕೈ ಓಡಲ್ಲ: ಪ್ರತಿಕ್ರಿಯೆ

ಫಿಲಿಪೀನ್ಸ್‌ನ ಕೋಲುಕಾಳಗದ ಕಲೆ ಎಸ್ಕ್ರಿಮಾದ ಸಿನಾವಾಲಿ, ಅಂದ್ರೆ ಇಬ್ಬರು ಎರಡೆರಡು ಕೋಲು ಹಿಡಿದು ಗೊತ್ತಾದ ಲಯದಲ್ಲಿ ಹೊಡೆಯುವ ಅಭ್ಯಾಸ, ನಿಮಗೆ ಸಲೀಸು, ಆದರೆ ಗೆಳೆಯ ಲಯ ಮುರಿದು ಹೊಡೆದರೆ ಕೈ ನಿಂತುಬಿಡುತ್ತೆ ಅಂದಿದ್ದೀರಿ. ಕಾರಣ ಬಹುಶಃ ಇದು: ಮುಂದಿನ ಏಟು ಯಾವುದು ಅಂತ ಮೊದಲೇ ಗೊತ್ತಿರುವ ಅಭ್ಯಾಸವನ್ನೇ ಮಾಡಿದ್ದೀರಿ. ಅಂತರವೂ ತಪ್ಪಿರಬಹುದು, ನೋಡದೆ ಹೇಳಲಾರೆ.

ಬೆತ್ತ ಪಕ್ಕಕ್ಕಿಡಿ. ಸ್ಪಂಜು ಸುತ್ತಿದ ಕೋಲು, ಫೆನ್ಸಿಂಗ್ ಮಾಸ್ಕ್, ದಪ್ಪ ಗ್ಲೌಸ್ ತಗೊಳ್ಳಿ. ಮೊದಲು ಗೆಳೆಯ ಒಂದೇ ಏಟು ಹೊಡೆಯಲಿ, ಅವನ ಬಲಗಡೆಯಿಂದ ಓರೆಯಾಗಿ ನಿಮ್ಮ ತಲೆಗೆ. ಯಾವಾಗ ಅನ್ನೋದು ಮಾತ್ರ ಅವನಿಷ್ಟ. ನೀವು ಕೋಲಿಗೆ ಕೋಲು ಕೊಡಬೇಡಿ. ಅರ್ಧ ಹೆಜ್ಜೆ ಹಿಂದೆ ಸರಿದು ಅವನ ಮಣಿಕಟ್ಟಿಗೇ ಬಾರಿಸಿ. ಈ ಕಲೆಯ ಜೀವಾಳ ಅದೇ. ಅದು ಕೈಗೆ ಕೂತ ಮೇಲೆ ಎಡಗಡೆಯ ಏಟು, ಆಮೇಲೆ ಸುಳ್ಳು ಏಟು, ಕೊನೆಗೆ ಸ್ಪಾರಿಂಗ್ (ಅಭ್ಯಾಸಕ್ಕಾಗಿ ಮುಕ್ತ ಕಾದಾಟ).

ಎಸ್ಕ್ರಿಮಾದಲ್ಲಿ ಕಲಿಸುವ ಚಾಕು ಕಸಿಯುವ ವರಸೆಗಳನ್ನೂ ಸುಮ್ನೆ ನಂಬಬೇಡಿ. ರಬ್ಬರ್ ಚಾಕುವಿನ ಅಂಚಿಗೆ ಲಿಪ್‌ಸ್ಟಿಕ್ ಹಚ್ಚಿ ಒಮ್ಮೆ ಮಾಡಿ, ಮುಂಗೈ ನೋಡಿಕೊಳ್ಳಿ: ಬಣ್ಣ ಹತ್ತಿದಲ್ಲೆಲ್ಲ ನಿಜವಾದ ಚಾಕು ತಾಗಿರುತ್ತಿತ್ತು. ಬೀದಿಯಲ್ಲಿ ಚಾಕು ಕಂಡರೆ ಮೊದಲು ಓಡಿ.