ಪುಟ್ಟ ಉಪಗ್ರಹಕ್ಕೆ ಬಾಡಿಗೆಯ ರಾಕೆಟ್: ಓದುಗರ ಪ್ರಶ್ನೆಗಳು

ಪ್ರಶ್ನೆ: ನಾವು ಕೆಲವು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿ 10 ಸೆಂಟಿಮೀಟರ್ ಘನಾಕಾರದ ಉಪಗ್ರಹವೊಂದರ ವಿನ್ಯಾಸ ಮಾಡುತ್ತಿದ್ದೇವೆ. ಇದನ್ನು ಕಳುಹಿಸಲು ದೊಡ್ಡ ರಾಕೆಟ್‌ನಲ್ಲಿ ಜಾಗ ಪಡೆಯುವುದು ಒಳ್ಳೆಯದೋ, ಸಣ್ಣ ರಾಕೆಟ್ ಹುಡುಕುವುದು ಒಳ್ಳೆಯದೋ? ಯಾವುದು ಅಗ್ಗ?
– ವಿದ್ಯಾರ್ಥಿನಿ, ವಿಜಯಪುರ

ಉತ್ತರ: ನೀವು ದರವನ್ನು ಕೇಳಿದ್ದೀರಿ, ಕಕ್ಷೆಯನ್ನು ಕೇಳಿಲ್ಲ. ಉತ್ತರವನ್ನು ನಾನು ಕಕ್ಷೆಯಿಂದಲೇ ಆರಂಭಿಸಬೇಕಾಗಿದೆ, ಏಕೆಂದರೆ ನಿಮ್ಮ ಉಪಗ್ರಹ ಬದುಕಿರುವಷ್ಟು ಕಾಲವೂ ಏನು ಮಾಡಬಲ್ಲದು ಎಂಬುದು ಅದನ್ನು ಎಲ್ಲಿ ಇಳಿಸಲಾಯಿತು ಎಂಬುದರ ಮೇಲೆ ನಿಂತಿದೆ.

ನಿಮ್ಮ ಜಿಲ್ಲೆಯ ಒಣದ್ರಾಕ್ಷಿ ಸಾಂಗ್ಲಿ, ತಾಸಗಾಂವದ ಪೇಟೆಗೆ ಹೋಗುವುದನ್ನು ನೀವು ನೋಡಿರುತ್ತೀರಿ. ಹತ್ತು ಬೆಳೆಗಾರರ ಪೆಟ್ಟಿಗೆಗಳನ್ನು ಒಂದೇ ಲಾರಿಗೆ ಹೇರಿದರೆ ತಲಾ ಬಾಡಿಗೆ ಕಡಿಮೆಯಾಗುತ್ತದೆ, ಆದರೆ ಲಾರಿ ಹೊರಡುವ ಹೊತ್ತು ಮತ್ತು ನಿಲ್ಲುವ ಪೇಟೆ ಒಬ್ಬೊಬ್ಬರ ಕೈಯಲ್ಲಿ ಇರುವುದಿಲ್ಲ. ಹಂಚಿಕೊಂಡ ರಾಕೆಟ್‌ನದ್ದೂ ಇದೇ ಕ್ರಮ. 2017ರ ಫೆಬ್ರುವರಿ 15ರಂದು ಇಸ್ರೋದ ಪಿಎಸ್‌ಎಲ್‌ವಿ-ಸಿ37 ರಾಕೆಟ್ 104 ಉಪಗ್ರಹಗಳನ್ನು ಹೊತ್ತು ಹೋದಾಗ ಮುಖ್ಯ ಪ್ರಯಾಣಿಕ ಭೂಮಿಯ ಚಿತ್ರ ತೆಗೆಯುವ, 714 ಕಿಲೋ ತೂಕದ ಕಾರ್ಟೊಸ್ಯಾಟ್ ಆಗಿತ್ತು. ಉಳಿದ 103 ಉಪಗ್ರಹಗಳು ಅದರ ಕಕ್ಷೆಗೆ ಒಪ್ಪಿಕೊಂಡು ಬಂದವು. ಸ್ಪೇಸ್‌ಎಕ್ಸ್ ಕಂಪನಿ 2021ರ ಜನವರಿಯಲ್ಲಿ ಫಾಲ್ಕನ್ 9 ರಾಕೆಟ್‌ನಿಂದ 143 ಉಪಗ್ರಹಗಳನ್ನು ಒಂದೇ ಬಾರಿಗೆ ಬಿಟ್ಟು ಆ ದಾಖಲೆಯನ್ನು ಮುರಿಯಿತು. ಈ ಹಂಚಿಕೆ ಸೇವೆಯನ್ನು ಆರಂಭಿಸಿದಾಗ ಅದು ಘೋಷಿಸಿದ ದರ 200 ಕಿಲೋಗೆ 10 ಲಕ್ಷ ಡಾಲರ್. ಆಮೇಲೆ ದರ ಏರುತ್ತಲೇ ಬಂದಿದೆ. ಹಾಗಿದ್ದರೂ ಸಣ್ಣ ರಾಕೆಟ್ ಒಂದನ್ನು ಪೂರ್ತಿಯಾಗಿ ಪಡೆಯುವುದಕ್ಕೆ ಹೋಲಿಸಿದರೆ ಕಿಲೋ ಲೆಕ್ಕದಲ್ಲಿ ಇದು ಬಹಳ ಅಗ್ಗ.

ಆದರೆ ಲಾರಿಯ ಹೋಲಿಕೆ ಒಂದು ಕಡೆ ಕೈಕೊಡುತ್ತದೆ. ಸಾಂಗ್ಲಿಯಲ್ಲಿ ಇಳಿಸಿದ ಪೆಟ್ಟಿಗೆಯನ್ನು ಬೇರೊಂದು ಗಾಡಿಯಲ್ಲಿ ಕೊಲ್ಲಾಪುರಕ್ಕೆ ಒಯ್ಯಬಹುದು, ಬಾಹ್ಯಾಕಾಶದಲ್ಲಿ ಹಾಗೆ ಮಾಡುವುದು ಬಲು ದುಬಾರಿ. 500 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹವು ಸೆಕೆಂಡಿಗೆ ಸುಮಾರು 7.6 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿರುತ್ತದೆ. ಆ ಕಕ್ಷೆಯ ಓರೆಯನ್ನು ಒಂದೇ ಒಂದು ಡಿಗ್ರಿಯಷ್ಟು ತಿರುಗಿಸಬೇಕಾದರೂ ಸೆಕೆಂಡಿಗೆ ಸುಮಾರು 130 ಮೀಟರಿನಷ್ಟು ವೇಗವನ್ನು ಅಡ್ಡಲಾಗಿ ಕೂಡಿಸಬೇಕು, ಹತ್ತು ಡಿಗ್ರಿಗೆ 1,300 ಮೀಟರ್ ಬೇಕು. ನಿಮ್ಮ ಘನಾಕಾರದ ಪೆಟ್ಟಿಗೆಯಲ್ಲಿ ಎಂಜಿನ್ ಇರುವುದಿಲ್ಲ. ಇದ್ದರೂ ಇಷ್ಟು ಇಂಧನಕ್ಕೆ ಜಾಗ ಎಲ್ಲಿದೆ?

ಹಂಚಿಕೆಯ ಉಡಾವಣೆಗಳಲ್ಲಿ ಬಹುಪಾಲು ಸೂರ್ಯ ಸಮಕಾಲಿಕ ಕಕ್ಷೆಗೆ ಹೋಗುತ್ತವೆ, ಅಂದರೆ ಧ್ರುವಗಳ ಹತ್ತಿರ ಹಾದು, ಒಂದು ಊರಿನ ಮೇಲೆ ಹಗಲಿನಲ್ಲಿ ಯಾವಾಗ ಬಂದರೂ ಅಲ್ಲಿನ ಗಡಿಯಾರದಲ್ಲಿ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುವ ಕಕ್ಷೆಗೆ. ನೆರಳು ಒಂದೇ ರೀತಿ ಬೀಳುವುದರಿಂದ ಛಾಯಾಚಿತ್ರ ತೆಗೆಯುವವರಿಗೆ ಇದು ಬಹಳ ಅನುಕೂಲ. ನಿಮಗಾದರೋ ವಿಜಯಪುರದ ಛಾವಣಿಯ ಮೇಲಿನ ಆಂಟೆನಾಕ್ಕೆ ಅದು ದಿನಕ್ಕೆ ನಾಲ್ಕು ಬಾರಿಯ ಆಸುಪಾಸಿನಲ್ಲಿ, ಪ್ರತಿ ಬಾರಿ ಹೆಚ್ಚೆಂದರೆ ಹತ್ತು ನಿಮಿಷದಷ್ಟು ಕಾಲ ಸಿಗುತ್ತದೆ. ಅಷ್ಟು ಸಾಕೇ ಎಂಬುದನ್ನು ನಿಮ್ಮ ತಂಡ ಮೊದಲು ತೀರ್ಮಾನಿಸಬೇಕು.

ಸಾಲದು ಎನ್ನುವವರು ಸಣ್ಣ ರಾಕೆಟ್‌ಗೆ ಹಣ ಕೊಡುತ್ತಾರೆ, ಮತ್ತು ಅದು ದುಂದುವೆಚ್ಚವಲ್ಲ. ನಾಸಾದ ಟ್ರಾಪಿಕ್ಸ್ ಯೋಜನೆಯ ಉಪಗ್ರಹಗಳು ಒಂದು ಬ್ರೆಡ್ಡಿನಷ್ಟು ಗಾತ್ರದವು. ಅವುಗಳ ಕೆಲಸ ಉಷ್ಣವಲಯದ ಚಂಡಮಾರುತಗಳನ್ನು ಮೇಲಿಂದ ಮೇಲೆ ನೋಡುವುದು. ಧ್ರುವದ ಮೇಲೆ ಹೋಗುವ ಕಕ್ಷೆ ಆ ಕೆಲಸಕ್ಕೆ ನಿರುಪಯುಕ್ತ, ಹಾಗೂ ಚಂಡಮಾರುತದ ಋತು ಯಾರದೋ ರಾಕೆಟ್‌ಗಾಗಿ ಕಾಯುವುದಿಲ್ಲ. ಹೀಗಾಗಿ 2023ರ ಮೇ ತಿಂಗಳಲ್ಲಿ ರಾಕೆಟ್ ಲ್ಯಾಬ್ ಕಂಪನಿಯ ಎಲೆಕ್ಟ್ರಾನ್ ರಾಕೆಟ್‌ಗಳು ನ್ಯೂಜಿಲೆಂಡಿನಿಂದ ಎರಡು ಬಾರಿ ಹಾರಿ, ತಲಾ ಎರಡರಂತೆ ನಾಲ್ಕು ಉಪಗ್ರಹಗಳನ್ನು ಬೇಕಾದ ಕಕ್ಷೆಗೆ ಸೇರಿಸಿದವು. ಎಲೆಕ್ಟ್ರಾನ್ ಕೇವಲ 18 ಮೀಟರ್ ಎತ್ತರದ, ಸುಮಾರು 300 ಕಿಲೋ ಹೊರಬಲ್ಲ ರಾಕೆಟ್. ಆದರೆ ಅದೇ ಯೋಜನೆಯ ಮೊದಲ ಎರಡು ಉಪಗ್ರಹಗಳು 2022ರ ಜೂನ್‌ನಲ್ಲಿ ಬೇರೊಂದು ಸಣ್ಣ ರಾಕೆಟ್ ವಿಫಲವಾದಾಗ ನಾಶವಾಗಿದ್ದವು ಎಂಬುದನ್ನೂ ಮರೆಯಬಾರದು.

ನಮ್ಮ ದೇಶದಲ್ಲಿಯೂ ಈ ಪಾಠ ಆಗಿದೆ. 500 ಕಿಲೋ ತೂಕವನ್ನು 500 ಕಿಲೋಮೀಟರ್ ಎತ್ತರಕ್ಕೆ ಒಯ್ಯಲೆಂದು ರೂಪಿಸಿದ ಇಸ್ರೋದ ಸಣ್ಣ ರಾಕೆಟ್ ಎಸ್‌ಎಸ್‌ಎಲ್‌ವಿ ತನ್ನ ಮೊದಲ ಹಾರಾಟದಲ್ಲಿ, 2022ರ ಆಗಸ್ಟ್ 7ರಂದು, ಎರಡನೆಯ ಹಂತ (ಇಂಧನ ಉರಿದು ಮುಗಿದ ಮೇಲೆ ಕಳಚಿಕೊಳ್ಳುವ ಭಾಗ) ಬೇರ್ಪಡುವಾಗಿನ ಕ್ಷಣಿಕ ಕಂಪನವನ್ನು ಸಂವೇದಕಗಳ ದೋಷವೆಂದು ಬಗೆದು ದಾರಿ ಬದಲಿಸಿತು. ಉಪಗ್ರಹಗಳು 356 ಕಿಲೋಮೀಟರ್ ಮತ್ತು 76 ಕಿಲೋಮೀಟರ್ ನಡುವಿನ ಅಂಡಾಕಾರದ ಕಕ್ಷೆಗೆ ಬಿದ್ದವು. 76 ಕಿಲೋಮೀಟರಿನಲ್ಲಿ ಗಾಳಿ ಇನ್ನೂ ದಟ್ಟವಾಗಿಯೇ ಇರುವುದರಿಂದ ಅವು ಉಳಿಯಲಿಲ್ಲ. ಹೋದವುಗಳಲ್ಲಿ ಸರ್ಕಾರಿ ಶಾಲೆಗಳ 750 ಹೆಣ್ಣುಮಕ್ಕಳು ಸೇರಿ ಸಿದ್ಧಪಡಿಸಿದ ಆಜಾದಿಸ್ಯಾಟ್ ಕೂಡ ಇತ್ತು. ಆ ಸುದ್ದಿ ಓದಿದ ದಿನ ನನಗೆ ಬಹಳ ಸಂಕಟವಾಗಿತ್ತು. 2023ರ ಫೆಬ್ರುವರಿ 10ರಂದು ಎರಡನೆಯ ಎಸ್‌ಎಸ್‌ಎಲ್‌ವಿ ಆಜಾದಿಸ್ಯಾಟ್-2 ಅನ್ನು 450 ಕಿಲೋಮೀಟರ್ ಎತ್ತರಕ್ಕೆ ಸರಿಯಾಗಿ ಮುಟ್ಟಿಸಿದಾಗ ಆದ ಸಂತೋಷವೂ ಅಷ್ಟೇ ದೊಡ್ಡದು.

ನನ್ನ ಸಲಹೆ ಇದು. ನಿಮ್ಮದು ಮೊದಲ ಪ್ರಯತ್ನವಾದ್ದರಿಂದ ಪೂರ್ಣ ಉಪಗ್ರಹದ ಹಟವನ್ನು ಸ್ವಲ್ಪ ಕಾಲ ಬದಿಗಿಟ್ಟು, ಉಪಗ್ರಹಗಳನ್ನು ಬಿಟ್ಟ ಮೇಲೂ ಕಕ್ಷೆಯಲ್ಲಿ ಉಳಿಯುವ ಪಿಎಸ್‌ಎಲ್‌ವಿಯ ನಾಲ್ಕನೆಯ ಹಂತವನ್ನೇ ಪ್ರಯೋಗಪೀಠವಾಗಿಸುವ ಪೋಯೆಮ್ ಎಂಬ ವ್ಯವಸ್ಥೆಯನ್ನು ವಿಚಾರಿಸಿ. ಅಲ್ಲಿ ವಿದ್ಯುತ್ತು ಮತ್ತು ದಿಕ್ಕಿನ ನಿಯಂತ್ರಣ ಆ ಹಂತದಿಂದಲೇ ಸಿಗುತ್ತದೆ, ನಿಮ್ಮ ಉಪಕರಣವೊಂದು ಸಿದ್ಧವಾದರೆ ಸಾಕು. 2024ರ ಡಿಸೆಂಬರ್ 30ರಂದು ಹೋದ ಪೋಯೆಮ್-4ರಲ್ಲಿ ಇಂಥ 24 ಉಪಕರಣಗಳಿದ್ದವು. ಶಿಕ್ಷಣ ಸಂಸ್ಥೆಗಳವೂ ಅವುಗಳಲ್ಲಿ ಸೇರಿದ್ದವು. ಇದಕ್ಕೂ ಉಪಗ್ರಹಕ್ಕೂ ಅನುಮತಿ ಕೊಡುವ ಸಂಸ್ಥೆ ಅಹಮದಾಬಾದಿನ ಇನ್‌-ಸ್ಪೇಸ್. ರೇಡಿಯೊ ತರಂಗಾಂತರದ ಪರವಾನಗಿ ಬೇರೆಯೇ ಇದೆ, ಅದಕ್ಕೆ ಅರ್ಜಿಯನ್ನು ಆರಂಭದಲ್ಲಿಯೇ ಹಾಕಿ. ಪೂರ್ಣ ಉಪಗ್ರಹವೇ ಬೇಕೆಂದಾದರೆ ಎದೆಗುಂದಬೇಡಿ: 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15ರಲ್ಲಿ ಹೋದ ಸ್ಟಡ್‌ಸ್ಯಾಟ್ ಒಂದು ಕಿಲೋಗಿಂತ ಕಡಿಮೆ ತೂಗುತ್ತಿತ್ತು, ಅದನ್ನು ಕಟ್ಟಿದವರು ಬೆಂಗಳೂರು ಮತ್ತು ಹೈದರಾಬಾದಿನ ಏಳು ಕಾಲೇಜುಗಳ ವಿದ್ಯಾರ್ಥಿಗಳು.

ಪ್ರಶ್ನೆ: ನೂರಾರು ಉಪಗ್ರಹಗಳನ್ನು ಒಂದೇ ರಾಕೆಟ್‌ನಿಂದ ಬಿಟ್ಟರೆ ಅವು ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲವೇ ಎಂದು ನಮ್ಮ ಮಕ್ಕಳು ಕೇಳುತ್ತಾರೆ.
– ಪ್ರೌಢಶಾಲಾ ಶಿಕ್ಷಕರು, ಮುಧೋಳ

ಉತ್ತರ: ಮಕ್ಕಳು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ಪುಟ್ಟ ಉಪಗ್ರಹಗಳನ್ನು ಸ್ಪ್ರಿಂಗ್ ಇರುವ ಪೆಟ್ಟಿಗೆಯಲ್ಲಿ ಕೂರಿಸಿರುತ್ತಾರೆ. ಬಾಗಿಲು ತೆರೆದಾಗ ಸ್ಪ್ರಿಂಗ್ ಅದನ್ನು ನಡಿಗೆಯ ವೇಗದಲ್ಲಿ, ಸೆಕೆಂಡಿಗೆ ಒಂದೆರಡು ಮೀಟರಿನಂತೆ, ಹೊರಗೆ ತಳ್ಳುತ್ತದೆ. ಎಲ್ಲವನ್ನೂ ಒಂದೇ ಕ್ಷಣದಲ್ಲಿ ಬಿಡದೆ, ದಿಕ್ಕನ್ನೂ ಹೊತ್ತನ್ನೂ ಬದಲಿಸುತ್ತ ಬಿಡುತ್ತಾರೆ. ಎರಡು ಉಪಗ್ರಹಗಳ ವೇಗದಲ್ಲಿ ಸೆಕೆಂಡಿಗೆ 10 ಸೆಂಟಿಮೀಟರಿನಷ್ಟು ವ್ಯತ್ಯಾಸವಿದ್ದರೂ, ಭೂಮಿಯನ್ನು ಒಂದು ಸುತ್ತು ಹಾಕುವ ಸುಮಾರು 95 ನಿಮಿಷಗಳಲ್ಲಿ ಅವು ಒಂದೂವರೆ ಕಿಲೋಮೀಟರಿಗೂ ಹೆಚ್ಚು ದೂರವಾಗುತ್ತವೆ. ಇಲ್ಲೊಂದು ಸೊಗಸಾದ ಸಂಗತಿಯನ್ನು ಮಕ್ಕಳಿಗೆ ಹೇಳಿ: ಮುಂದಕ್ಕೆ ತಳ್ಳಲ್ಪಟ್ಟ ಉಪಗ್ರಹ ಎತ್ತರದ, ದೊಡ್ಡ ಕಕ್ಷೆಗೆ ಏರುತ್ತದೆ, ದೊಡ್ಡ ಕಕ್ಷೆಯ ಸುತ್ತಿಗೆ ಹೆಚ್ಚು ಸಮಯ ಬೇಕಾಗುವುದರಿಂದ ಅದು ಕೊನೆಗೆ ಹಿಂದೆ ಬೀಳುತ್ತದೆ. ಬಣ್ಣದ ಸೀಮೆಸುಣ್ಣದಿಂದ ಎರಡು ವೃತ್ತಗಳನ್ನು ಎಳೆದು ತೋರಿಸಿದರೆ ತಿಳಿಯುತ್ತದೆ.

ಆಯುಷ್ಯ ಮುಗಿದ ಮೇಲಿನ ಕಸದ ಚಿಂತೆ ಮಾತ್ರ ನಿಜವಾದದ್ದು. ತಗ್ಗಿನ ಕಕ್ಷೆಯಲ್ಲಿರುವ ಉಪಗ್ರಹಗಳು ಕೆಲಸ ಮುಗಿದ 5 ವರ್ಷಗಳೊಳಗೆ ಕೆಳಗಿಳಿದು ಉರಿದುಹೋಗಬೇಕೆಂದು ಅಮೆರಿಕದ ಸಂಪರ್ಕ ನಿಯಂತ್ರಣ ಆಯೋಗವು 2022ರಲ್ಲಿ ನಿಯಮ ಮಾಡಿತು. ಮೊದಲು ಈ ಅವಧಿ 25 ವರ್ಷಗಳಷ್ಟು ಉದ್ದವಿತ್ತು.

ಪ್ರಶ್ನೆ: ಕೃಷ್ಣೆಗೆ ಮಹಾಪೂರ ಬಂದಾಗ ಆಕಾಶದ ತುಂಬ ಮೋಡ. ಆಗ ಈ ಸಣ್ಣ ಉಪಗ್ರಹಗಳಿಂದ ರೈತನಿಗೆ ಏನು ಪ್ರಯೋಜನ?
– ಕಬ್ಬು ಬೆಳೆಗಾರ, ಅಥಣಿ

ಉತ್ತರ: 2019ರ ಆಗಸ್ಟ್‌ನ ಪ್ರವಾಹವನ್ನು ಕಂಡವರು ಕೇಳುವ ಪ್ರಶ್ನೆ ಇದು. ಸಾಧಾರಣ ಕ್ಯಾಮೆರಾ ಹೊತ್ತ ಉಪಗ್ರಹ ಆ ದಿನಗಳಲ್ಲಿ ಕುರುಡಾಗಿರುತ್ತದೆ. ರೇಡಾರ್ ಇರುವ ಉಪಗ್ರಹ ಹಾಗಲ್ಲ. ಅದು ತಾನೇ ರೇಡಿಯೊ ಅಲೆಗಳನ್ನು ಕಳುಹಿಸಿ ಮರಳಿ ಬಂದದ್ದನ್ನು ಅಳೆಯುತ್ತದೆ, ಅಲೆಗಳು ಮೋಡವನ್ನೂ ಇರುಳನ್ನೂ ದಾಟುತ್ತವೆ. ನಿಂತ ನೀರಿನ ಸಮತಟ್ಟಾದ ಮೈ ಅಲೆಗಳನ್ನು ಬೇರೆಡೆಗೆ ಜಾರಿಸುವುದರಿಂದ ಚಿತ್ರದಲ್ಲಿ ಅದು ಕಪ್ಪಾಗಿ ಕಾಣುತ್ತದೆ, ಎಲ್ಲಿಯವರೆಗೆ ನೀರು ಬಂದಿದೆ ಎಂದು ಗೆರೆ ಎಳೆಯಬಹುದು. ನೀರಿನಿಂದ ಮೇಲೆದ್ದು ನಿಂತ ಎತ್ತರದ ಕಬ್ಬಿನೊಳಗಿನ ನೀರನ್ನು ಗುರುತಿಸುವುದು ಮಾತ್ರ ಇನ್ನೂ ಕಷ್ಟ, ಅದನ್ನು ನಿಮಗೆ ಪ್ರಾಮಾಣಿಕವಾಗಿ ಹೇಳಬೇಕು. ಹಿಂದೆ ರೇಡಾರ್ ಉಪಗ್ರಹವೆಂದರೆ ಟನ್ನುಗಟ್ಟಲೆ ತೂಕ. 100 ಕಿಲೋಗಿಂತ ಕಡಿಮೆ ತೂಕದ ಮೊದಲ ರೇಡಾರ್ ಉಪಗ್ರಹವನ್ನು ಫಿನ್ಲೆಂಡಿನ ಐಸ್‌ಐ ಕಂಪನಿ ಕಟ್ಟಿತು. 2018ರ ಜನವರಿ 12ರಂದು ಅದನ್ನು ಕಕ್ಷೆಗೆ ಒಯ್ದದ್ದು ನಮ್ಮ ಶ್ರೀಹರಿಕೋಟಾದ ಪಿಎಸ್‌ಎಲ್‌ವಿ.

ಪ್ರಶ್ನೆ: ವಿಮಾನದ ಬಿಡಿಭಾಗಗಳು ನಮ್ಮ ಜಿಲ್ಲೆಯಲ್ಲಿ ತಯಾರಾಗುತ್ತವೆ. ಸಣ್ಣ ರಾಕೆಟ್‌ಗಳನ್ನು ಬೆಳಗಾವಿಯಿಂದಲೇ ಏಕೆ ಹಾರಿಸಬಾರದು?
– ಕಾರ್ಖಾನೆ ನೌಕರ, ಉದ್ಯಮಬಾಗ, ಬೆಳಗಾವಿ

ಉತ್ತರ: ಭಾಗಗಳನ್ನು ಇಲ್ಲಿ ಮಾಡಬಹುದು, ಹಾರಿಸಲಾಗದು. ರಾಕೆಟ್‌ನ ಖಾಲಿಯಾದ ಹಂತಗಳು ಕೆಳಗೆ ಬೀಳಲೇಬೇಕು, ಪೂರ್ವಕ್ಕೆ ಹಾರಿಸಿದರೆ ಅವು ನಮ್ಮ ಊರುಗಳ ಮೇಲೆ ಬೀಳುತ್ತವೆ. ಪಶ್ಚಿಮಕ್ಕೆ ಹಾರಿಸಿದರೆ ಬೆಳಗಾವಿಯ ಅಕ್ಷಾಂಶದಲ್ಲಿ ಭೂಮಿಯ ತಿರುಗುವಿಕೆ ಪುಕ್ಕಟೆಯಾಗಿ ಕೊಡುವ ಸೆಕೆಂಡಿಗೆ ಸುಮಾರು 447 ಮೀಟರ್ ವೇಗ ನಮ್ಮ ವಿರುದ್ಧವೇ ನಿಲ್ಲುತ್ತದೆ. ಧ್ರುವದ ಕಡೆಗೆ ಹೋಗುವ ಸಣ್ಣ ರಾಕೆಟ್‌ಗೆ ಶ್ರೀಹರಿಕೋಟಾ ಕೂಡ ಪೂರ್ತಿ ಅನುಕೂಲವಲ್ಲ, ಶ್ರೀಲಂಕಾವನ್ನು ತಪ್ಪಿಸಲು ಬಳಸಿ ಹೋಗುವಷ್ಟರಲ್ಲಿ ಹೊರುವ ತೂಕ ಕಡಿಮೆಯಾಗುತ್ತದೆ. ಆ ಕಾರಣದಿಂದಲೇ ತಮಿಳುನಾಡಿನ ಕುಲಶೇಖರಪಟ್ಟಣದಲ್ಲಿ 2024ರ ಫೆಬ್ರುವರಿ 28ರಂದು ಹೊಸ ಉಡಾವಣಾ ಕೇಂದ್ರಕ್ಕೆ ಅಡಿಗಲ್ಲು ಬಿತ್ತು. ಅಲ್ಲಿಂದ ನೇರ ದಕ್ಷಿಣಕ್ಕೆ ಬರೀ ಸಮುದ್ರವಿದೆ.